ಆಮಾ ಕೊಂಡು ತಂದ ಅಕ್ಕಿ

ಸಂಪಾದಕರೇ,

ಹೋದ ಭಾನುವಾರ ನಮ್ಮ ಚರ್ಚಿನ ಸಭೆಯ ಹುಡುಗ ಹುಡುಗಿಯರು ನೇಪಾಳದಲ್ಲಿ ಸೇವೆ ಮುಗಿಸಿ ಬಂದು, ಆರಾಧನೆ ಆದಮೇಲೆ ಫೋಟೊ ತೋರಿಸಿದರು. ಒಳ್ಳೇ ಮಕ್ಕಳು. ಇಡೀ ಬೇಸಿಗೆ ರಜೆಯನ್ನು ಅದಕ್ಕೇ ಅಂತ ಎತ್ತಿಟ್ಟಿದ್ದವರು. ಒಬ್ಬಳು ಮೈಕ್ ಹಿಡಿದು, "ಅಲ್ಲಿನವರ ಕಷ್ಟ ನೋಡಿದ ಮೇಲೆ ದೇವರು ನಮಗೆ ಎಷ್ಟೊಂದು ಕೊಟ್ಟಿದ್ದಾನೆ ಅಂತ ಗೊತ್ತಾಯಿತು, ಸ್ತೋತ್ರ" ಅಂದಳು. ಎಲ್ಲರೂ ಆಮೆನ್ ಅಂದೆವು. ಮನೆಗೆ ಬಂದರೂ ಆ ಮಾತು ನನ್ನನ್ನು ಬಿಡಲಿಲ್ಲ, ಯಾಕಂದರೆ 2017ರಲ್ಲಿ ಅದೇ ಮೈಕ್ ಮುಂದೆ ನಿಂತು ನಾನೂ ಅದನ್ನೇ ಹೇಳಿದ್ದೆ. ಹೇಳಬೇಕಾಗಿದ್ದದ್ದು ಬೇರೆ ಇತ್ತು. ಅದನ್ನು ಈಗ ಬರೆಯುತ್ತಿದ್ದೇನೆ.

ನಾವು ಹೋಗಿದ್ದು ಒಂಬತ್ತು ಜನ, ಹದಿನಾಲ್ಕು ದಿನಕ್ಕೆ. ನೇಪಾಳದಲ್ಲಿ ವಾರದ ರಜೆ ಶನಿವಾರ, ಹಾಗಾಗಿ ಅಲ್ಲಿನ ಕ್ರೈಸ್ತರು ಆರಾಧನೆಗೆ ಸೇರುವುದೂ ಶನಿವಾರವೇ. 2015ರ ಏಪ್ರಿಲ್ 25ರ ಶನಿವಾರ, ಮಧ್ಯಾಹ್ನ ಆಗಲು ಇನ್ನೇನು ನಾಲ್ಕು ನಿಮಿಷ ಇರುವಾಗ ಭೂಮಿ ನಡುಗಿತು. ಎಷ್ಟೋ ಸಭೆಗಳು ಆಗ ಪ್ರಾರ್ಥನೆಯಲ್ಲಿದ್ದವು. ಸತ್ತವರು ಸುಮಾರು 9,000 ಮಂದಿ, ಅದರಲ್ಲಿ ಸಿಂಧುಪಾಲ್ಚೋಕ್ ಅನ್ನುವ ಒಂದೇ ಜಿಲ್ಲೆಯವರು ಸುಮಾರು 3,500. ನಾವು ಹೋಗಿದ್ದು ಆ ಜಿಲ್ಲೆಯ ಒಂದು ಹಳ್ಳಿಗೆ, ಮನೆ ಕಟ್ಟುವವರ ಜೊತೆ ಕಲ್ಲು ಹೊರೋಕೆ. ಮತಾಂತರದ ಮಾತು ತೆಗೆಯುವವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಇನ್ನೊಬ್ಬರನ್ನು ಮತಾಂತರ ಮಾಡುವುದಕ್ಕೆ ಅಲ್ಲಿನ ಸಂವಿಧಾನದಲ್ಲೇ ನಿಷೇಧ ಇದೆ. ನಾವು ಆ ಕೆಲಸಕ್ಕೆ ಹೋಗಿರಲಿಲ್ಲ.

ನಮ್ಮಲ್ಲಿ ನಾಲ್ಕು ಜನ ಹೆಂಗಸರು ಉಳಿದುಕೊಂಡಿದ್ದು ಒಬ್ಬ ವಿಧವೆಯ ತಗಡಿನ ಶೆಡ್ಡಿನಲ್ಲಿ. ಎಲ್ಲರೂ ಅವರನ್ನು ಆಮಾ ಅಂತಿದ್ದರು, ಅಂದರೆ ಅಮ್ಮ. ಕಲ್ಲು ಮಣ್ಣಿನ ಹಳೇ ಮನೆ ಪೂರ್ತಿ ಕುಸಿದಿತ್ತು. ಸರ್ಕಾರ ಹೊಸ ಮನೆಗೆ ನೇಪಾಳಿ ರೂಪಾಯಿಯಲ್ಲಿ ಮೂರು ಲಕ್ಷ ಕೊಡುತ್ತಿತ್ತು, ಅದೂ ಮೂರು ಕಂತಿನಲ್ಲಿ. ಅಡಿಪಾಯ ಮುಗಿದ ಮೇಲೆ ಬರಬೇಕಾದ ಎರಡನೇ ಕಂತಿಗೆ ಆಮಾ ಕಾಯುತ್ತಿದ್ದರು. ಎರಡು ಹೊತ್ತೂ ನಮಗೆ ಬಿಸಿಬಿಸಿ ಅನ್ನ, ಬೇಳೆ, ಸೊಪ್ಪಿನ ಪಲ್ಯ. ನಾವು ಊಟ ಮಾಡಿ ಎದ್ದ ಮೇಲೇ ಅವರು ಒಲೆ ಹತ್ತಿರ ಕೂತು ಉಣ್ಣುತ್ತಿದ್ದರು. ನಾಲ್ಕನೇ ದಿನ ನೀರು ಕೇಳೋಕೆ ಅಂತ ಸುಮ್ನೆ ಒಳಗೆ ಹೋದೆ. ಅವರ ತಟ್ಟೆಯಲ್ಲಿ ಇದ್ದದ್ದು ಮುದ್ದೆ! ಅಲ್ಲಿ ಅದಕ್ಕೆ ಧಿಂಡೋ ಅಂತಾರೆ, ರಾಗಿಗೆ ಕೋದೋ. ಉಂಡೆ ಕಟ್ಟಿರಲಿಲ್ಲ ಅಷ್ಟೇ, ಬಣ್ಣ ವಾಸನೆ ಎಲ್ಲಾ ಥೇಟ್ ನಮ್ಮದೇ. ನಾನು ಕೇಳಿದರೆ ಆಮಾ ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡರು. ನೆಂಟರಿಗೆ ಧಿಂಡೋ ಹಾಕುವುದು ಅವರಿಗೆ ನಾಚಿಕೆ, ಅದು ಬಡವರ ಊಟ ಅಂತ.

ಆಮೇಲೆ ನಮ್ಮ ಜೊತೆ ಇದ್ದ, ಹಿಂದಿ ಬರುತ್ತಿದ್ದ ಹುಡುಗ ಹೇಳಿದ. ಆ ಎತ್ತರದಲ್ಲಿ ಭತ್ತ ಬೆಳೆಯುವುದಿಲ್ಲ. ನಮಗೆ ಬಡಿಸುತ್ತಿದ್ದ ಅಕ್ಕಿ ಕೆಳಗಿನ ಬಜಾರಿನಲ್ಲಿ ಸಾಲ ಹೇಳಿ ತಂದದ್ದು. ಎರಡನೇ ಕಂತು ಬಂದರೆ ಮೊದಲು ತೀರಿಸಬೇಕಾಗಿದ್ದದ್ದು ಆ ಅಂಗಡಿಯ ಸಾಲ.

ನಮ್ಮೂರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರು ಮಂಡ್ಯದ ಮುದ್ದೆ ಉಣ್ಣುವ ಮನೆಗಳಲ್ಲಿ ನಮ್ಮಜ್ಜಿಯ ಕಾಲಕ್ಕೆ ಅನ್ನ ಅಂದರೆ ಹಬ್ಬಕ್ಕೆ, ಇಲ್ಲಾ ನೆಂಟರು ಬಂದಾಗ. ನನ್ನಜ್ಜಿಯೂ ಹೀಗೇ ಒಲೆ ಹತ್ತಿರ ಕೊನೆಗೆ ಉಂಡವಳು. ಆ ರಾತ್ರಿ ನನಗೂ ಧಿಂಡೋ ಬೇಕು ಅಂತ ಹಟ ಹಿಡಿದೆ. ಗುಂದ್ರುಕ್ ಅಂತ, ಹುಳಿ ಬರಿಸಿ ಒಣಗಿಸಿಟ್ಟ ಸೊಪ್ಪಿನ ಸಾರು, ಅದಕ್ಕೆ ಅದ್ದಿ ನಾನು ಅಗಿಯದೆ ನುಂಗಿದ್ದನ್ನು ನೋಡಿ ಆಮಾ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಆ ಶನಿವಾರ ಆರಾಧನೆಗೆ ಹೋದೆವು. ಚಪ್ಪಲಿ ಹೊರಗೆ, ನೆಲದ ಮೇಲೆ ಕಂಬಳಿ, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. "ಜಯಮಸೀಹ", ಅಂದರೆ ಕ್ರಿಸ್ತನಿಗೆ ಜಯ, ಅಂತ ಒಬ್ಬರಿಗೊಬ್ಬರು ಕೈ ಮುಗಿದು, ಆಮೇಲೆ ಸಾಕ್ಷಿಗೆ, ಅಂದರೆ ದೇವರು ಮಾಡಿದ ಉಪಕಾರ ಎಲ್ಲರ ಮುಂದೆ ಹೇಳೋಕೆ, ಎದ್ದು ನಿಂತರು. ಒಬ್ಬರು ಎಮ್ಮೆ ಕರು ಹಾಕಿದ್ದಕ್ಕೆ ಸ್ತೋತ್ರ ಅಂದರು. ಆಮಾ ಎದ್ದು, ತಮ್ಮ ಮನೆಗೆ ನೆಂಟರು ಬಂದಿದ್ದಕ್ಕೆ ಸ್ತೋತ್ರ ಅಂದರು.

ಇಷ್ಟೆಲ್ಲಾ ಆಗಿಯೂ ಊರಿಗೆ ಬಂದು ನಾನು ಮೈಕ್ ಮುಂದೆ ಹೇಳಿದ್ದು ಅವರ ಬಡತನವನ್ನು! ಇನ್ನೊಬ್ಬರಿಗೆ ಇಲ್ಲದ್ದನ್ನು ಎಣಿಸಿ ನಮಗಿರುವುದಕ್ಕೆ ಸ್ತೋತ್ರ ಹೇಳುವುದು ನನಗೆ ಈಗ ತಪ್ಪು ಅನಿಸುತ್ತದೆ. ಆಮಾ ಅದನ್ನು ಕೇಳಿಸಿಕೊಂಡಿದ್ದರೆ? ನಾನು ಅವರ ಋಣದಲ್ಲಿ ಇದ್ದೆ. ಅದನ್ನು ಹೇಳಲಿಲ್ಲ, ಅವರ ತಗಡಿನ ಶೆಡ್ಡಿನ ಫೋಟೊ ತೋರಿಸಿದೆ.

ನಮ್ಮಲ್ಲಿಗೂ ಹೀಗೆ ದೂರದಿಂದ ಬಂದವರಿದ್ದರು ಅಲ್ವಾ? ನನ್ನ ಅಮ್ಮ ಹುಟ್ಟಿದ್ದು ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ. 1836ರಲ್ಲಿ ಮಂಗಳೂರಿಗೆ ಬಂದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಇಪ್ಪತ್ನಾಲ್ಕು ವರ್ಷ ಇಲ್ಲೇ ಇದ್ದರು. ಕನ್ನಡ ಕಲಿತು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದರು. ಅವರ ಎಲ್ಲಾ ವಿಚಾರ ಒಪ್ಪಬೇಕಾಗಿಲ್ಲ, ಆದರೆ ಬಂದ ಊರಿನ ಮಾತು ಕಲಿತರು, ಇಲ್ಲಿನವರ ಹತ್ತಿರ ಕೂತು ಕಲಿತರು. ನಮ್ಮ ಗುಂಪು ಹದಿನಾಲ್ಕು ದಿನದಲ್ಲಿ ಕಲಿತದ್ದು ನಾಲ್ಕು ನೇಪಾಳಿ ಮಾತು.

ಅದಕ್ಕೇ ನಮ್ಮ ಸಭಾಪಾಲಕರಿಗೂ ಬೇರೆ ಸಭೆಗಳ ಹಿರಿಯರಿಗೂ ನನ್ನ ಬೇಡಿಕೆ ಇಷ್ಟು. ಪ್ರತಿ ವರ್ಷ ಹೊಸ ಊರು ಹುಡುಕಬೇಡಿ, ಅದೇ ಊರಿಗೆ ಮತ್ತೆ ಕಳಿಸಿ. ಹೊರಡುವ ಮೊದಲು ಮೂರು ತಿಂಗಳಾದರೂ ಭಾಷೆ ಕಲಿಸಿ, ನೇಪಾಳಿಯ ಲಿಪಿ ಹಿಂದಿಯದ್ದೇ, ನಮ್ಮ ಮಕ್ಕಳಿಗೆ ಕಷ್ಟ ಆಗುವುದಿಲ್ಲ. ಊಟದ ಖರ್ಚನ್ನು ಉಳಿದುಕೊಳ್ಳುವ ಮನೆಗೆ ಮೊದಲೇ ತಲುಪಿಸಿ. ಜನ ಕಡಿಮೆ ಹೋಗಲಿ, ಉಳಿದ ಟಿಕೆಟ್ ದುಡ್ಡು ಅಲ್ಲಿನ ಗಾರೆ ಮೇಸ್ತ್ರಿಗಳ ಕೂಲಿಗೆ ಆಗಲಿ, ಅವರ ಕೈ ನಮ್ಮ ಕೈಗಿಂತ ಎಷ್ಟೋ ಪಾಲು ಮೇಲು. ಮಕ್ಕಳ ಹರಿದ ಬಟ್ಟೆಯ ಫೋಟೊ ದಯವಿಟ್ಟು ಬೇಡ.

ಈ ಭಾನುವಾರ ಆ ಹುಡುಗಿಯನ್ನು ಮಾತಾಡಿಸಬೇಕು ಅಂತಿದ್ದೇನೆ. ಅಲ್ಲಿ ನಿಮಗೆ ಅಡುಗೆ ಮಾಡಿ ಹಾಕಿದವರು ಯಾರಮ್ಮ, ಅವರ ಹೆಸರೇನು, ನೀವು ಎದ್ದ ಮೇಲೆ ಅವರು ಏನು ಉಂಡರು ಅಂತ ಕೇಳಬೇಕು.

– ಒಬ್ಬ ಓದುಗಿ, ಮೈಸೂರು