ಎಲ್ಲಿ ಹೆದರಿದೆ ಅಂತ ಬರಿ

ಪ್ರೀತಿಯ ತಮ್ಮಾ,

ನೀನು ಕಳಿಸಿದ ಬರಹ ಓದಿದೆ. ಇಷ್ಟದ ಪುಸ್ತಕ, ಇಷ್ಟದ ಆಲ್ಬಂ, ಇಷ್ಟದ ಹಾರರ್ ಸಿನಿಮಾ, ಮೂರನ್ನೂ ಒಂದರಲ್ಲೇ ತುಂಬಿದ್ದೀಯ. ತುಂಬಿದ್ದಕ್ಕೆ ನನ್ನ ತಕರಾರಿಲ್ಲ. ತಕರಾರು ಬೇರೆ ಕಡೆ ಇದೆ. ಪುಸ್ತಕದ ಭಾಗದಲ್ಲಿ ನೀನು ಇಸ್ತ್ರಿ ಅಂಗಿ ಹಾಕಿಕೊಂಡು ಫೋಟೋಗೆ ನಿಂತವನ ಹಾಗೆ ಕಾಣುತ್ತೀಯ. ಆಲ್ಬಂ ಭಾಗದಲ್ಲಿ ಬೇರೆ ಯಾರೋ ಹೇಳಿದ್ದಕ್ಕೆ ತಲೆ ಆಡಿಸುತ್ತಿದ್ದೀಯ. ಹಾರರ್ ಭಾಗಕ್ಕೆ ಬಂದ ಮೇಲೇ ನೀನು ನನಗೆ ಸಿಕ್ಕಿದ್ದು. 'ಬಾಗಿಲು ತೆಗೆಯೋ ಮೊದಲೇ ನಾನು ಕಣ್ಣು ಮುಚ್ಚಿಕೊಂಡಿದ್ದೆ, ಆಮೇಲೆ ಏನಾಯ್ತೋ ಗೊತ್ತಿಲ್ಲ' ಅಂತ ಬರೆದಿದ್ದೀಯಲ್ಲ, ಇಡೀ ಬರಹದಲ್ಲಿ ಅದೇ ಒಳ್ಳೆಯ ಸಾಲು.

ಯಾಕೆ ಹೀಗಾಗುತ್ತದೆ ಗೊತ್ತಾ? ಭಯದ ವಿಷಯದಲ್ಲಿ ಸುಳ್ಳು ಹೇಳೋದು ಕಷ್ಟ. ಹೆದರಿದೆಯೋ ಇಲ್ಲವೋ ಅನ್ನೋದು ಮೈಗೇ ಗೊತ್ತಿರುತ್ತದೆ. ಊರೆಲ್ಲ ಹೊಗಳಿದ ಹಾರರ್ ಸಿನಿಮಾ ನೋಡಿ 'ನನಗೇನೂ ಅನ್ನಿಸಲಿಲ್ಲಪ್ಪ' ಅಂತ ಯಾರು ಬೇಕಾದರೂ ಧೈರ್ಯವಾಗಿ ಹೇಳುತ್ತಾರೆ. ಅದೇ ಊರೆಲ್ಲ ಹೊಗಳಿದ ಕಾದಂಬರಿಯನ್ನು ಅರ್ಧಕ್ಕೆ ಬೇಜಾರಾಗಿ ಮುಚ್ಚಿಟ್ಟರೆ ಹೇಳಿಕೊಳ್ಳಲು ನಾಚಿಕೆ, ಕೊರತೆ ನಮ್ಮಲ್ಲೇ ಇರಬೇಕು ಅಂದುಕೊಂಡು 'ಬದುಕಿನ ಆಳವಾದ ಶೋಧ' ಅಂತ ಏನೋ ಒಂದು ಬರೆದು ಮುಂದೆ ಹೋಗುತ್ತೇವೆ. ನಿನ್ನ ಪುಸ್ತಕದ ಭಾಗದಲ್ಲಿ ಇಂಥ ಸಾಲು ಜಾಸ್ತಿ. ಒಂದು ಪುಸ್ತಕದ ಹೆಸರು ತೆಗೆದು ಇನ್ನೊಂದರದ್ದು ಹಾಕಿದರೂ ನಡೆಯುತ್ತದೆ. ಒಮ್ಮೆ ಹಾಗೆ ಮಾಡಿ ನೋಡು. ನಡೆದರೆ ಆ ಸಾಲು ಹೊಡೆದು ಹಾಕು.

ಫ್ರಾಂಕನ್‌ಸ್ಟೈನ್ ಬಗ್ಗೆ ಬರೆದದ್ದನ್ನೇ ತಗೋ. 'ಮಾತು ಬಾರದ ಆ ದೈತ್ಯ' ಅಂದಿದ್ದೀಯ. ಅದು 1931ರ ಸಿನಿಮಾದ ದೈತ್ಯ. ಮೇರಿ ಶೆಲ್ಲಿಯ ಪುಸ್ತಕದಲ್ಲಿ ಅದು ಪುಟಗಟ್ಟಲೆ ಮಾತಾಡುತ್ತದೆ. ಒಂದು ಕುಟುಂಬವನ್ನು ಗೋಡೆಯ ಸಂದಿಯಿಂದ ನೋಡುತ್ತಾ ಭಾಷೆ ಕಲಿಯುತ್ತದೆ, ಮಿಲ್ಟನ್ ಕವಿಯ ಕಾವ್ಯ ಓದುತ್ತದೆ, ತನ್ನನ್ನು ಹುಟ್ಟಿಸಿದವನನ್ನೇ ಎದುರು ಕೂರಿಸಿಕೊಂಡು ವಾದ ಮಾಡುತ್ತದೆ. ಆ ವಾದ ಓದುವಾಗ ಅದು ಹೇಳೋದೇ ಸರಿ ಅನ್ನಿಸಿಬಿಡುತ್ತದೆ. ನನಗೆ ಹೆದರಿಕೆ ಹುಟ್ಟೋದು ಅಲ್ಲಿ, ಅದನ್ನು ಕಟ್ಟಿದ ಹೆಣದ ತುಂಡುಗಳ ಹತ್ತಿರ ಅಲ್ಲ. ಸಿನಿಮಾ ನೋಡಿ ಪುಸ್ತಕದ ಬಗ್ಗೆ ಬರೆದದ್ದಕ್ಕೆ ಬೈಯುತ್ತಿದ್ದೇನೆ ಅಂದುಕೊಂಡೆಯಾ? ಹೌದು, ಬೈಯುತ್ತಿದ್ದೇನೆ. ಅಂದ ಹಾಗೆ ಅದನ್ನು ಬರೆಯಲು ಶುರು ಮಾಡಿದಾಗ ಆಕೆಗೆ 18 ವರ್ಷ. 1818ರ ಮೊದಲ ಮುದ್ರಣದಲ್ಲಿ ಲೇಖಕಿಯ ಹೆಸರೇ ಇರಲಿಲ್ಲ. ಬರೆದವರ ಹೆಸರಿಲ್ಲದ ಪುಸ್ತಕಕ್ಕೆ ಅಭಿಪ್ರಾಯ ಬರೆಯಬೇಕಾದವರು ಎಷ್ಟು ಪುಣ್ಯವಂತರು ಅಲ್ವಾ? ಯಾರ ಖ್ಯಾತಿಗೂ ಹೆದರಬೇಕಾಗಿರಲಿಲ್ಲ.

ಹಾರರ್ ಭಾಗ ಚೆನ್ನಾಗಿದೆ ಅಂದೆ. ಆದರೆ ಅಲ್ಲೂ ಒಂದು ಕೆಲಸ ಬಾಕಿ ಇದೆ. 'ತುಂಬಾ ಹೆದರಿದೆ' ಅಂದರೆ ಸಾಲದು. ಎಲ್ಲಿ ಹೆದರಿದೆ? ಏನು ಕಂಡಾಗ, ಏನು ಕೇಳಿದಾಗ? ಎಷ್ಟೋ ಸಲ ಏನೂ ಕಾಣದೇ ಇದ್ದಾಗಲೇ ಹೆದರಿರುತ್ತೇವೆ. 1975ರ ಜಾಸ್ ಸಿನಿಮಾದಲ್ಲಿ ಯಂತ್ರದ ಶಾರ್ಕ್ ಸಮುದ್ರದ ನೀರಿಗೆ ಇಳಿದ ಮೇಲೆ ಪದೇ ಪದೇ ಕೆಟ್ಟು ಕೂತಿತು. ಬೇರೆ ದಾರಿ ಇಲ್ಲದೆ ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ಆದಷ್ಟು ಕಡಿಮೆ ತೋರಿಸಿದರು. ಮೀನು ಸರಿಯಾಗಿ ಕಾಣಲು ಒಂದು ಗಂಟೆಗಿಂತ ಹೆಚ್ಚು ಕಾಯಬೇಕು. ಅಲ್ಲಿಯವರೆಗೆ ನಮ್ಮನ್ನು ಹೆದರಿಸೋದು ನೀರು, ಮತ್ತೆ ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್ ಅವರ ಆ ಎರಡು ಸ್ವರ. ಆಮೇಲೂ ಎಷ್ಟೋ ಕಡೆ ಕಾಣೋದು ಶಾರ್ಕ್ ಅಲ್ಲ, ಅದಕ್ಕೆ ಸಿಕ್ಕಿಸಿದ ತೇಲುವ ಪೀಪಾಯಿ. 'ಶಾರ್ಕ್ ನೋಡಿ ಹೆದರಿದೆ' ಅಂತ ಬರೆಯುವವನು ಸಿನಿಮಾ ಮುಗಿದ ಮೇಲೆ ನೆನಪಿನಿಂದ ಬರೆಯುತ್ತಿದ್ದಾನೆ. 'ಪೀಪಾಯಿ ನೋಡಿ ಹೆದರಿದೆ' ಅನ್ನುವವನು ನಿಜವಾಗಿ ಕೂತು ನೋಡಿದ್ದಾನೆ.

ಇದನ್ನು ಹುಡುಕಲು ಒಂದು ಸುಲಭದ ಉಪಾಯ ಇದೆ. ನಿನ್ನನ್ನು ನಡುಗಿಸಿದ ದೃಶ್ಯವನ್ನು ಸದ್ದು ಬಂದ್ ಮಾಡಿ ಇನ್ನೊಮ್ಮೆ ನೋಡು. ಆಮೇಲೆ ಕಣ್ಣು ಮುಚ್ಚಿ ಸದ್ದು ಮಾತ್ರ ಕೇಳು. 1960ರ ಸೈಕೋ ಸಿನಿಮಾದ ಸ್ನಾನದ ಮನೆಯ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ನಿರ್ದೇಶಕ ಹಿಚ್‌ಕಾಕ್ ಮೊದಲು ಅಂದುಕೊಂಡಿದ್ದರು. ಸಂಗೀತ ಕೊಟ್ಟ ಬರ್ನಾರ್ಡ್ ಹರ್ಮನ್ ಕೇಳಲಿಲ್ಲ. ಬರೀ ತಂತಿವಾದ್ಯ ಇಟ್ಟುಕೊಂಡು ಆ ಕಿರುಚುವ ಪಿಟೀಲುಗಳನ್ನು ಬರೆದರು, ಕೇಳಿಸಿಕೊಂಡ ಹಿಚ್‌ಕಾಕ್ ಮನಸ್ಸು ಬದಲಿಸಿದರು. ಸದ್ದಿಲ್ಲದೆ ನೋಡಿದರೆ ಅಲ್ಲಿ ಚಾಕು ಮೈಗೆ ತಾಗುವುದು ಕಾಣೋದೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾದರೆ ನಿನ್ನನ್ನು ಇರಿದದ್ದು ಯಾವುದು? ಅದನ್ನು ಬರಿ.

ಇದೇ ಪ್ರಶ್ನೆಯನ್ನು ಈಗ ಪುಸ್ತಕಕ್ಕೂ ಆಲ್ಬಂಗೂ ಕೇಳು ಅನ್ನೋದಷ್ಟೇ ನನ್ನ ಮಾತು. ಮೈ ಎಲ್ಲಿ ಜುಮ್ ಅಂದಿತು? ಎಲ್ಲಿ ಗಡಿಯಾರ ನೋಡಿದೆ? ಯಾವ ಪುಟದಲ್ಲಿ ಸುಮ್ನೆ ಹಿಂದಕ್ಕೆ ಹೋಗಿ ಮತ್ತೆ ಓದಿದೆ?

ಆಲ್ಬಂ ವಿಷಯದಲ್ಲಿ ನೀನು ಹಾಡುಗಳನ್ನು ಒಂದೊಂದಾಗಿ ಹೊಗಳಿದ್ದೀಯ, ಆಲ್ಬಂ ಕೇಳಿದ ಗುರುತೇ ಇಲ್ಲ. ಪಿಂಕ್ ಫ್ಲಾಯ್ಡ್ ತಂಡದ ಆಲ್ಬಂ ದಿ ಡಾರ್ಕ್ ಸೈಡ್ ಆಫ್ ದಿ ಮೂನ್ 1973ರದ್ದು. ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ಮೊದಲ ಬದಿ ಮುಗಿಯೋದು ಸಾವಿನ ಹಾಡೊಂದರಲ್ಲಿ ಹೆಣ್ಣು ದನಿಯ ಮಾತಿಲ್ಲದ ಕೂಗಿನೊಂದಿಗೆ, ಎರಡನೇ ಬದಿ ಶುರುವಾಗೋದು ಕಾಸು, ಗಲ್ಲಾಪೆಟ್ಟಿಗೆಯ ಸದ್ದಿನಿಂದ. ಎಲ್‌ಪಿ ರೆಕಾರ್ಡ್ ಕಾಲದವರು ಇವೆರಡರ ನಡುವೆ ಎದ್ದು ಹೋಗಿ ತಟ್ಟೆ ಮಗುಚಬೇಕಿತ್ತು. ಈಗ ಫೋನಿನಲ್ಲಿ ಒಂದರ ಬೆನ್ನಿಗೆ ಇನ್ನೊಂದು ಬಂದುಬಿಡುತ್ತದೆ. ಸಾವಿನ ಹಾಡಿನಿಂದ ದುಡ್ಡಿನ ಹಾಡಿಗೆ ಹಾಗೆ ಧಡಕ್ಕನೆ ಜಾರಿದಾಗ ನಿನಗೇನು ಅನ್ನಿಸಿತು? ಅದು ನನಗೆ ಗೊತ್ತಿರಲು ಸಾಧ್ಯವಿಲ್ಲ, ನಾನು ಕೇಳಿದ ರೀತಿಯೇ ಬೇರೆ. ನೀನೇ ಹೇಳಬೇಕು. ಶಫಲ್ ಹಾಕಿ ಕೇಳಿದ್ದರೆ ಅದನ್ನೂ ಹೇಳು, ತಪ್ಪೇನಿಲ್ಲ.

ಪುಸ್ತಕ ಸಿನಿಮಾ ಆದಾಗ 'ಪುಸ್ತಕವೇ ಚೆನ್ನಾಗಿತ್ತು' ಅನ್ನುವ ಸಾಲು ನಿನ್ನಲ್ಲೂ ಇದೆ. ಎಲ್ಲರ ಹತ್ತಿರವೂ ಇರುತ್ತದೆ, ಬಿಡು. ಚಳಿಗಾಲಕ್ಕೆ ಮುಚ್ಚಿದ ಹೋಟೆಲ್ ಕಾಯಲು ಹೋದ ಕುಟುಂಬದ ಕತೆ ದಿ ಶೈನಿಂಗ್ ಬಗ್ಗೆ ಹಾಗೆ ಅಂದಿದ್ದೀಯ. ಕಾದಂಬರಿ ಬರೆದ ಸ್ಟೀಫನ್ ಕಿಂಗ್ ಅವರಿಗೇ ಕುಬ್ರಿಕ್ ನಿರ್ದೇಶಿಸಿದ ಸಿನಿಮಾ ಹಿಡಿಸಲಿಲ್ಲ, ಅದನ್ನು ಅವರು ಎಷ್ಟೋ ಸಲ ಹೇಳಿದ್ದಾರೆ. ಹಾಗಂತ ನೀನು ಅವರ ಹಿಂದೆ ಅಡಗಿಕೊಳ್ಳಬೇಡ. 1977ರ ಕಾದಂಬರಿಯ ಕೊನೆಯಲ್ಲಿ ಬಾಯ್ಲರ್ ಸಿಡಿದು ಹೋಟೆಲ್ ಉರಿದು ಹೋಗುತ್ತದೆ. 1980ರ ಸಿನಿಮಾದಲ್ಲಿ ಅಪ್ಪ ಹಿಮದಲ್ಲಿ ಸೆಟೆದುಕೊಂಡು ಸಾಯುತ್ತಾನೆ, ಹೋಟೆಲ್ ಹಾಗೇ ನಿಂತಿರುತ್ತದೆ. ಕಾದಂಬರಿಯ ಅಪ್ಪ ಕುಡಿತದ ಜೊತೆ ಹೋರಾಡುವ, ಮಗನನ್ನು ಪ್ರೀತಿಸುವ ಮನುಷ್ಯ, ನಿಧಾನಕ್ಕೆ ಕೈತಪ್ಪಿ ಹೋಗುತ್ತಾನೆ. ಸಿನಿಮಾದ ಅಪ್ಪನ ಹುಬ್ಬು ನೋಡಿದರೆ ಮೊದಲ ದಿನವೇ ಅನುಮಾನ ಬರುತ್ತದೆ. ಒಬ್ಬರದ್ದು ಬೆಂಕಿ, ಇನ್ನೊಬ್ಬರದ್ದು ಮಂಜು. ಯಾವುದು ಚೆನ್ನ ಅನ್ನೋ ಜಗಳ ಬೇರೆಯವರು ಆಡಲಿ. ಒಳ್ಳೆಯವನು ಕೆಡುವುದು ನಿನ್ನನ್ನು ಜಾಸ್ತಿ ಹೆದರಿಸುತ್ತದೆಯೋ, ಮೊದಲೇ ಕೆಟ್ಟವನ ಜೊತೆ ಚಳಿಗಾಲ ಕಳೆಯುವುದೋ? ಇದಕ್ಕೆ ಉತ್ತರ ಬರೆದರೆ ನಿನ್ನ ಬಗ್ಗೆಯೇ ಏನೋ ಗೊತ್ತಾಗುತ್ತದೆ, ಓದುವವರು ಬರೋದೂ ಅದಕ್ಕೇ.

ಮೊದಲು ಯಾವುದನ್ನು ನೋಡಿದೆ ಅನ್ನೋದನ್ನೂ ಮುಚ್ಚಿಡಬೇಡ. 1993ರಲ್ಲಿ ಮಲಯಾಳದಲ್ಲಿ ಮಣಿಚಿತ್ರತ್ತಾಳ್ ಬಂತು, ಅದೇ ಕತೆ 2004ರಲ್ಲಿ ನಮ್ಮ ಆಪ್ತಮಿತ್ರ ಆಯಿತು, ಮರುವರ್ಷ ತಮಿಳಿನಲ್ಲಿ ಚಂದ್ರಮುಖಿ, 2007ರಲ್ಲಿ ಹಿಂದಿಯಲ್ಲಿ ಭೂಲ್ ಭುಲಯ್ಯಾ. ಯಾವುದು ಶ್ರೇಷ್ಠ ಅಂತ ಕೇಳಿ ನೋಡು, ಹೆಚ್ಚಿನವರು ತಾವು ಮೊದಲು ನೋಡಿದ್ದರ ಹೆಸರೇ ಹೇಳಿ, ಅದಕ್ಕೆ ಕಾರಣಗಳನ್ನು ಆಮೇಲೆ ಹುಡುಕುತ್ತಾರೆ. ನಾಗವಲ್ಲಿಯನ್ನು ಮೊದಲು ಸೌಂದರ್ಯ ಮುಖದಲ್ಲಿ ಕಂಡವನಿಗೆ ಶೋಭನಾ ಎಷ್ಟೇ ಚೆನ್ನಾಗಿ ಮಾಡಿದರೂ ಎರಡನೆಯವರೇ. ಇದು ಅನ್ಯಾಯ, ಆದರೆ ಇಷ್ಟ ಅನ್ನೋದು ನ್ಯಾಯವಾಗಿ ಹುಟ್ಟೋದಿಲ್ಲವಲ್ಲ. ಹೇಳಿಬಿಟ್ಟರೆ ಓದುವವನು ನಿನ್ನ ಮಾತಿನಲ್ಲಿ ಎಷ್ಟು ಕಳೆಯಬೇಕೋ ಅಷ್ಟು ಕಳೆದು ಓದಿಕೊಳ್ಳುತ್ತಾನೆ.

ಸ್ಟಾರ್ ರೇಟಿಂಗ್ ಕೊಟ್ಟಿದ್ದೀಯ. ತೆಗೆದುಬಿಡು. 1982ರಲ್ಲಿ ಜಾನ್ ಕಾರ್ಪೆಂಟರ್ ನಿರ್ದೇಶಿಸಿದ ಹಾರರ್ ಸಿನಿಮಾ ದಿ ಥಿಂಗ್ ಬಂದಾಗ ಹೆಚ್ಚಿನ ವಿಮರ್ಶಕರು ಹಿಗ್ಗಾಮುಗ್ಗಾ ಜಾಡಿಸಿದರು, ಹಣವೂ ಅಂದುಕೊಂಡಷ್ಟು ಬರಲಿಲ್ಲ. ಈಗ ಅದಿಲ್ಲದ ಹಾರರ್ ಪಟ್ಟಿ ಅಪರೂಪ. ಅವತ್ತಿನ ಅಂಕಗಳು ಇವತ್ತು ಯಾರಿಗೂ ಬೇಡ. ಆದರೆ 'ನೋಡಲಾಗದಷ್ಟು ಅಸಹ್ಯ' ಅಂತ ಬೈದವರ ಮಾತು ಇನ್ನೂ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಆ ಅಸಹ್ಯ ಅಲ್ಲಿ ನಿಜವಾಗಿ ಇದೆ, ಈಗಿನವರು ಮೆಚ್ಚುವುದೂ ಅದನ್ನೇ.

ಮೂರು ಭಾಗಕ್ಕೆ ಮೂರು ತಲೆಬರಹ ಕೊಟ್ಟದ್ದು ಯಾಕೆ? ನಿನ್ನ ತಲೆಯೊಳಗೆ ಅವು ಬೇರೆ ಬೇರೆ ಕೋಣೆಯಲ್ಲಿ ಇರೋದಿಲ್ಲ. ನಿನ್ನ ಪಟ್ಟಿಯಲ್ಲೇ ಬ್ಲ್ಯಾಕ್ ಸಬ್ಬತ್‌ನ 1970ರ ಮೊದಲ ಆಲ್ಬಂ ಇದೆ. ಮಳೆ, ಗುಡುಗು, ದೂರದ ಗಂಟೆ, ಆಮೇಲೆ ಗಿಟಾರಿನ ಕೆಲವೇ ಭಾರವಾದ ಸ್ವರ. ಹಾರರ್ ಸಿನಿಮಾ ಶುರುವಾಗೋದೇ ಹೀಗೆ ಅಲ್ವಾ? ತಂಡದ ಹೆಸರು ಬಂದದ್ದೂ ಮಾರಿಯೋ ಬಾವಾ ಅವರ 1963ರ ಹಾರರ್ ಸಿನಿಮಾದಿಂದ, ಆ ಸಿನಿಮಾದಲ್ಲಿ ಇರೋದು ನಟ ಬೋರಿಸ್ ಕಾರ್ಲಾಫ್, ಅಂದರೆ ನೀನು ಪುಸ್ತಕದ ಭಾಗದಲ್ಲಿ ತಪ್ಪಾಗಿ ತಂದು ಕೂರಿಸಿದ ಆ 1931ರ ಮಾತು ಬಾರದ ದೈತ್ಯ! ಪುಸ್ತಕ, ಸಿನಿಮಾ, ಆಲ್ಬಂ ಮೂರಕ್ಕೂ ನಡುವೆ ದಾರಿ ನಿನ್ನ ಕಾಲ ಕೆಳಗೇ ಇತ್ತು. ಇಂಥ ಮಾಹಿತಿ ಯಾರಿಗೆ ಬೇಕಾದರೂ ಸಿಗುತ್ತದೆ, ಅದನ್ನೇ ಅಭಿಪ್ರಾಯ ಅಂತ ಬಡಿಸಬೇಡ. ಆದರೆ ಆ ದಾರಿಯಲ್ಲಿ ನಡೆದಾಗ ನಿನಗೇನು ಕಂಡಿತು ಅನ್ನೋದು ನಿನ್ನ ಹತ್ತಿರ ಮಾತ್ರ ಸಿಗುವಂಥದ್ದು.

ಈಗ ಮಾಡಬೇಕಾದದ್ದು ಇಷ್ಟು. ಪಟ್ಟಿಯಲ್ಲಿ ನಿನಗೆ ನಿಜವಾಗಿ ನೆನಪಿರುವುದನ್ನು ಮಾತ್ರ ಇಟ್ಟುಕೋ, ಎರಡೇ ಪುಸ್ತಕ ಉಳಿದರೂ ಪರವಾಗಿಲ್ಲ. ಅರ್ಧಕ್ಕೆ ಬಿಟ್ಟ ಆ ದಪ್ಪ ಕಾದಂಬರಿ ಇದೆಯಲ್ಲ, ಎಲ್ಲಿ ಬಿಟ್ಟೆ, ಯಾಕೆ ಬಿಟ್ಟೆ ಅಂತ ಒಂದು ಪ್ಯಾರಾ ಬರಿ. ಬರೆದು ಕಳಿಸು, ಓದುತ್ತೇನೆ. ಮತ್ತೆ, ಕೊನೆಯ ಸಿನಿಮಾದಲ್ಲಿ ದೆವ್ವದ ಮುಖ ತೋರಿಸಬಾರದಿತ್ತು ಅಂತ ವಾದ ಮಾಡಿದ್ದೀಯ. ನಾನು ಖಂಡಿತ ಒಪ್ಪೋದಿಲ್ಲ, ಆ ಮುಖ ಇಲ್ಲದಿದ್ದರೆ ಸಿನಿಮಾನೇ ಇಲ್ಲ. ಆದರೂ ನಿನ್ನ ಆ ವಾದದ ಪ್ಯಾರಾದಲ್ಲಿ ಒಂದಕ್ಷರವನ್ನೂ ಮುಟ್ಟಬೇಡ.

ಇತಿ,
ನಿನ್ನ ಅಣ್ಣ