ಹ್ಯಾಂಡಲ್ ಆಫ್‌ಗೆ ಬರದ ಸ್ಟಾರ್ಟರ್ ಬಗ್ಗೆ ಕೊನೆಯ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದ್ದಾಯಿತು, ಎರಡು ಸಲ ಮೇಲ್ ಹಾಕಿದ್ದಾಯಿತು. ನಮ್ಮ ಪಾಲಿಟೆಕ್ನಿಕ್ಕಿನ ಮಷಿನ್ಸ್ ಲ್ಯಾಬಿಗೆ ನೀವು ಕಳಿಸಿದ 5 ಎಚ್‌ಪಿ, 220 ವೋಲ್ಟ್ ಡಿಸಿ ಶಂಟ್ ಮೋಟಾರ್-ಆಲ್ಟರ್ನೇಟರ್ ಸೆಟ್ಟಿನ ವಿಷಯ. ಮೋಟಾರ್ ಚೆನ್ನಾಗಿದೆ. ಕೆಟ್ಟಿರುವುದು ಅದರ ತ್ರೀ ಪಾಯಿಂಟ್ ಸ್ಟಾರ್ಟರ್, ಅಂದರೆ ಮೋಟಾರ್ ಶುರುವಾಗುವಾಗ ರೆಸಿಸ್ಟೆನ್ಸ್ ಸೇರಿಸಿ ಕರೆಂಟನ್ನು ಹದ್ದಿನಲ್ಲಿಡುವ ಹ್ಯಾಂಡಲ್ ಪೆಟ್ಟಿಗೆ.

ಸಪ್ಲೈ ತೆಗೆದರೆ ಮೋಟಾರ್ ನಿಧಾನವಾಗುತ್ತಾ ಬಂದು, ಹ್ಯಾಂಡಲನ್ನು ಆಯಸ್ಕಾಂತದ ಹಾಗೆ ಹಿಡಿದಿಡುವ ನೋ ವೋಲ್ಟ್ ಕಾಯಿಲ್ ಹಿಡಿತ ಬಿಟ್ಟು, ಸ್ಪ್ರಿಂಗ್ ಎಳೆದು ಹ್ಯಾಂಡಲ್ 'ಟಕ್' ಅಂತ ಆಫ್‌ಗೆ ಬರಬೇಕು. ಹಳೇ ಸೆಟ್ಟಿನಲ್ಲಿ ಆ ಸದ್ದು ಕೇಳಿದ ಮೇಲೇ ನಾನು ಮಕ್ಕಳನ್ನು ಹತ್ತಿರ ಬಿಡುವುದು. ನಿಮ್ಮದರಲ್ಲಿ ಶಾಫ್ಟ್ ಪೂರ್ತಿ ನಿಂತರೂ ಹ್ಯಾಂಡಲ್ ಕೊನೇ ಸ್ಟಡ್ಡಿನ ಮೇಲೇ, ಸ್ಟಾರ್ಟರಿನ ರೆಸಿಸ್ಟೆನ್ಸ್ ಪೂರ್ತಿ ಕಳಚಿದ ಜಾಗದಲ್ಲೇ ಕೂತಿರುತ್ತದೆ. ಕರೆಂಟ್ ವಾಪಸ್ ಬಂದರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ನಿಂತ ಮೋಟಾರಿನಲ್ಲಿ ಬ್ಯಾಕ್ ಇಎಂಎಫ್, ಅಂದರೆ ತಿರುಗುವಾಗ ಸಪ್ಲೈಗೆ ಎದುರಾಗಿ ಹುಟ್ಟಿ ಕರೆಂಟನ್ನು ತಡೆಯುವ ವೋಲ್ಟೇಜ್, ಇರುವುದಿಲ್ಲ. ತಡೆಯಲು ಉಳಿಯುವುದು ಆರ್ಮೇಚರಿನ, ಅಂದರೆ ತಿರುಗುವ ಸುರುಳಿಯ ರೆಸಿಸ್ಟೆನ್ಸ್ ಮಾತ್ರ; ನಾವು ಅಳೆದಾಗ ಅದು 1.1 ಓಮ್. ಫುಲ್ ಲೋಡಿನಲ್ಲೇ ಸುಮಾರು 20 ಆಂಪಿಯರ್ ಎಳೆಯುವ ಮೋಟಾರಿಗೆ ಒಂದೇ ಏಟಿಗೆ 200 ಆಂಪಿಯರ್!

ಕಳೆದ ಮಂಗಳವಾರ ನಿಮ್ಮ ಟೆಕ್ನಿಷಿಯನ್ ಬಂದರು. 22 ಮಕ್ಕಳು ಸುತ್ತ ನಿಂತಿದ್ದರು. ಅವರು ಹೆಗಲಿನ ಬ್ಯಾಗ್ ಕೂಡ ಕೆಳಗಿಡಲಿಲ್ಲ, ಸ್ಟಾರ್ಟರಿನ ಮುಚ್ಚಳ ಬಿಚ್ಚಲಿಲ್ಲ.

"ಮೇಡಂ, ಕರೆಂಟ್ ಹೋದಾಗ ಕೈಯಲ್ಲಿ ಎಳ್ಕೊಂಡ್ರೆ ಆಯ್ತಲ್ವಾ?" ಅಂದರು.

"ಸ್ಪ್ರಿಂಗ್ ನೋಡಿ" ಅಂದೆ.

"ಮೋಟಾರ್ ತಿರುಗ್ತಿದೆಯಲ್ಲ, ಇನ್ನೇನು?"

"ಯಾರಾದ್ರೂ ಎಳೆಯೋದು ಮರೆತರೆ?"

ಅದಕ್ಕೆ ನನಗೆ ಉತ್ತರ ಕೊಡಲಿಲ್ಲ. ಮಕ್ಕಳ ಕಡೆ ತಿರುಗಿ, "ನಿಮ್ಮ ಮೇಡಮ್‌ಗೆ ಭಯ ಜಾಸ್ತಿ, ಪುಸ್ತಕ ನೋಡಿ ಪಾಠ ಮಾಡೋರು" ಅಂತ ನಕ್ಕರು. ಹಿಂದೆ ನಿಂತಿದ್ದ ಇಬ್ಬರು ಹುಡುಗರೂ ನಕ್ಕರು. ಈ ಲ್ಯಾಬಿನಲ್ಲಿ ನನಗೆ 14 ವರ್ಷ ಆಯಿತು. ಆಮೇಲೆ ಸರ್ವಿಸ್ ರಿಪೋರ್ಟಿನಲ್ಲಿ 'ಓಕೆ' ಅಂತ ಬರೆದು ಸಹಿ ಕೇಳಿದರು. ನಾನು ಹಾಕಲಿಲ್ಲ.

ಭಯ ಇದೆ, ಹೌದು. ಆ ಹ್ಯಾಂಡಲ್ ಹಿಡಿಯುವುದು 17 ವರ್ಷದ ಮಕ್ಕಳ ಕೈ. ಕರೆಂಟು ಶಾಫ್ಟನ್ನು ತಿರುಗಿಸಿ, ಆ ಶಾಫ್ಟೇ ಮತ್ತೆ ಕರೆಂಟು ಹುಟ್ಟಿಸುವುದನ್ನು ಅವರು ಕೈಯಾರೆ ಮಾಡಿ ನೋಡಲಿ ಅಂತಲೇ ಈ ಸೆಟ್ ತರಿಸಿದ್ದು. ಈಗ ಅದಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದೇವೆ. ಆಲ್ಟರ್ನೇಟರ್ ಲೋಡ್ ಟೆಸ್ಟನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೇನೆ.

ಒಂದು ವರ್ಷದ ವಾರಂಟಿಯಲ್ಲಿ ಏನೇನು ಬರುತ್ತದೆ ಅಂತ ಬರೆದುಕೊಟ್ಟವರು ನೀವೇ. ಸ್ಟಾರ್ಟರ್ ಬದಲಿಸಿ. ಶುಕ್ರವಾರದೊಳಗೆ ಆಗದಿದ್ದರೆ ನಿಮ್ಮ ಬಾಕಿ ಬಿಲ್ ತಡೆಹಿಡಿಯಲು ಪ್ರಿನ್ಸಿಪಾಲರಿಗೆ ಪತ್ರ ಹೋಗುತ್ತದೆ. ಅದು ಆಗಲೇ ಟೈಪ್ ಆಗಿದೆ. ಸೆಟ್ಟನ್ನು ಲಾರಿಗೆ ಹಾಕಿಸಿ ನಿಮ್ಮ ಗೋಡೌನ್ ಬಾಗಿಲಿಗೇ ಕಳಿಸುತ್ತೇನೆ. ಲಾರಿ ಬಾಡಿಗೆ ನೀವೇ ಕೊಡಬೇಕು.

ಇತಿ,
ಲ್ಯಾಬ್ ಇನ್‌ಚಾರ್ಜ್, ಎಲೆಕ್ಟ್ರಿಕಲ್ ವಿಭಾಗ