ಚುನಾವಣೆಯೇ ಇಲ್ಲದ ಕ್ಷೇತ್ರದ ಅಭ್ಯರ್ಥಿಯಿಂದ ಶಾಸಕರಿಗೆ ಒಂದು ಬಹಿರಂಗ ಪತ್ರ

ತುಮಕೂರು ಜಿಲ್ಲೆ
ಜುಲೈ 2025

ನಮ್ಮ ಕ್ಷೇತ್ರದ ಸನ್ಮಾನ್ಯ ಶಾಸಕರಿಗೆ, ನಮಸ್ಕಾರಗಳು.

ನಮ್ಮ ಹೋಬಳಿಯಿಂದ ಜಿಲ್ಲಾ ಪಂಚಾಯತ್‌ಗೆ ಸ್ಪರ್ಧಿಸಬೇಕೆಂದಿದ್ದೇನೆ. ಯಾವ ಪಕ್ಷದಿಂದ ಎಂದು ಕೇಳುವವರಿಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಯಾವಾಗ ಎಂದು ಕೇಳುವವರಿಗೆ ಇಡೀ ರಾಜ್ಯದಲ್ಲಿ ಯಾರ ಬಳಿಯೂ ಉತ್ತರವಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತ್‌ಗಳಿಗೆ ನಾವು ಕೊನೆಯದಾಗಿ ಮತ ಹಾಕಿದ್ದು 2016ರ ಫೆಬ್ರುವರಿಯಲ್ಲಿ. ಅಂದು ಗೆದ್ದವರ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. ಆಗ ರಾಜ್ಯದ 30 ಜಿಲ್ಲಾ ಪಂಚಾಯತ್‌ಗಳಲ್ಲಿ 1,083 ಸದಸ್ಯರಿದ್ದರು, ನಮ್ಮ ತುಮಕೂರಿನಲ್ಲೇ 57 ಮಂದಿ. ಈಗ ಒಬ್ಬರೂ ಇಲ್ಲ. ಅಧ್ಯಕ್ಷರ ಜಾಗದಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಇದ್ದಾರೆ. ಅವರು ನಮ್ಮ ಹೋಬಳಿಗೆ ಬಂದದ್ದನ್ನು ಕಂಡವರು ನನಗಿನ್ನೂ ಸಿಕ್ಕಿಲ್ಲ.

ಇದು ಟಿಕೆಟ್ ಕೇಳುವ ಪತ್ರವಲ್ಲ. ಕೊಟ್ಟರೆ ಬೇಡವೆನ್ನುವಷ್ಟು ವಿರಕ್ತಳೂ ನಾನಲ್ಲ, ಆ ಮಾತು ಬೇರೆ. ಪಂಚಾಯತ್ ರಾಜ್ ಸಚಿವರಿಗೆ ಬರೆಯುವ ಬದಲು ನಿಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ಚುನಾವಣೆ ನಡೆಯದೆ ಇರುವುದರಿಂದ ಯಾರಿಗೆ ಅನುಕೂಲ ಎಂದು ಊರಿನ ಅರಳಿಕಟ್ಟೆಯಲ್ಲಿ ವಿಚಾರಿಸಿದರೆ ಜನ ಸಚಿವರ ಹೆಸರು ಹೇಳುವುದಿಲ್ಲ, ಶಾಸಕರ ಹೆಸರು ಹೇಳುತ್ತಾರೆ. ಯಾವುದೋ ಒಬ್ಬ ಶಾಸಕರದಲ್ಲ, ಎಲ್ಲ ಪಕ್ಷಗಳ ಎಲ್ಲ ಶಾಸಕರದು. ಸುಮಾರು 40 ಸಾವಿರ ಜನಸಂಖ್ಯೆಗೆ ಒಬ್ಬ ಜಿಲ್ಲಾ ಪಂಚಾಯತ್ ಸದಸ್ಯ. ಅಷ್ಟು ಜನರ ನಡುವೆ ಐದು ವರ್ಷ ಓಡಾಡಿ ಕೆಲಸ ಮಾಡಿಸಿದವನು ಆರನೆಯ ವರ್ಷ ವಿಧಾನಸಭೆಯ ಟಿಕೆಟ್ ಕೇಳುತ್ತಾನೆ. ನಿಮ್ಮ ಸದನದಲ್ಲೇ ಹೀಗೆ ಬಂದವರು ಕಡಿಮೆಯಿಲ್ಲ. ಹೀಗಿರುವಾಗ ಕೆಳಗಿನ ಮೆಟ್ಟಿಲು ಇಲ್ಲದಿದ್ದರೆ ಮೇಲಿರುವವರಿಗೆ ನೆಮ್ಮದಿ ಎಂದು ಜನ ಅಂದುಕೊಂಡರೆ ಅವರನ್ನು ದೂರಲಾಗದು.

ಆದರೆ ಆ ನೆಮ್ಮದಿಗೆ ನೀವು ತೆರುತ್ತಿರುವ ಬೆಲೆಯನ್ನೂ ನೋಡಿ. ಬೆಳಿಗ್ಗೆ ನಿಮ್ಮ ಮನೆಯ ಮುಂದೆ ನಿಲ್ಲುವ ಜನ ಕೇಳುವುದೇನು? ಅಂಗನವಾಡಿಗೆ ಸಹಾಯಕಿ ಬೇಕು, ಶಾಲೆಯ ಹೆಂಚು ಬಿದ್ದಿದೆ, ಪಶು ಆಸ್ಪತ್ರೆಯಲ್ಲಿ ವೈದ್ಯರಿಲ್ಲ, ಹಾಸ್ಟೆಲಿನ ಊಟ ಸರಿಯಿಲ್ಲ, ಚರಂಡಿ ಕಟ್ಟಿಕೊಂಡಿದೆ. ಇವುಗಳಲ್ಲಿ ಹೆಚ್ಚಿನವು ಜಿಲ್ಲಾ ಪಂಚಾಯತ್ ಅಧೀನದ ಇಲಾಖೆಗಳ ಕೆಲಸ. ಕಾನೂನು ಮಾಡಲು ಹೋದವರು ಚರಂಡಿಯ ಗುದ್ದಲಿ ಪೂಜೆಗೆ ನಿಂತಿದ್ದೀರಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ ಬರುವ 2 ಕೋಟಿ ರೂಪಾಯಿಯಲ್ಲಿ ತಾಲ್ಲೂಕಿನ ಎಷ್ಟು ಚರಂಡಿಗೆ ಚಪ್ಪಡಿ ಹಾಕಿಸುತ್ತೀರಿ?

ಒಂದೇ ಒಂದು ವಿಷಯವನ್ನು ಬಿಡಿಸಿ ಹೇಳುತ್ತೇನೆ, ಕುಡಿಯುವ ನೀರು. ನಮ್ಮ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದು ನಿಮಗೆ ಗೊತ್ತು. ನಲವತ್ತು ದಾಟಿದವರ ಮಂಡಿಗಳೂ ಶಾಲಾ ಮಕ್ಕಳ ಹಲ್ಲುಗಳೂ ಅದನ್ನು ಹೇಳುತ್ತವೆ. ಅದಕ್ಕೆಂದೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. 5 ರೂಪಾಯಿಯ ನಾಣ್ಯ ಹಾಕಿದರೆ 20 ಲೀಟರ್ ನೀರು. ಉದ್ಘಾಟನೆಯ ಕಲ್ಲಿನಲ್ಲಿ ಹೆಸರುಗಳೂ ಇವೆ. ಆಮೇಲೆ ಘಟಕದೊಳಗಿನ ಪೊರೆ ಹಾಳಾಗುತ್ತದೆ, ಅಥವಾ ಪಂಪು ಸುಡುತ್ತದೆ. ಗ್ರಾಮ ಪಂಚಾಯತ್‌ಗೆ ಹೋದರೆ ಅಲ್ಲಿನ ಅಭಿವೃದ್ಧಿ ಅಧಿಕಾರಿ (ಪಿಡಿಒ), ನಿರ್ವಹಣೆ ಏಜೆನ್ಸಿಯದು ಎನ್ನುತ್ತಾರೆ. ಏಜೆನ್ಸಿಯವರಿಗೆ ಫೋನ್ ಮಾಡಿದರೆ ಬಿಲ್ ಬಾಕಿ ಇದೆ ಎನ್ನುತ್ತಾರೆ. ಬಿಲ್ ಪಾಸು ಮಾಡಬೇಕಾದದ್ದು ಗ್ರಾಮೀಣ ಕುಡಿಯುವ ನೀರು ವಿಭಾಗದ ಎಂಜಿನಿಯರು. ಅವರನ್ನು ಕೇಳಿದರೆ ಘಟಕವನ್ನು ಪಂಚಾಯತ್‌ಗೆ ಹಸ್ತಾಂತರಿಸಿ ಆಗಿದೆಯಲ್ಲ ಎನ್ನುತ್ತಾರೆ. ಅಷ್ಟರಲ್ಲಿ ಹೆಂಗಸರು ಪಕ್ಕದ ಊರಿನ ಘಟಕಕ್ಕೆ ಕ್ಯಾನ್ ಹೊರಲು ಶುರು ಮಾಡಿರುತ್ತಾರೆ. ಬೈಕ್ ಇರುವ ಮನೆಯವರಿಗೆ ಹೇಗೋ ನಡೆಯುತ್ತದೆ. ಬೈಕ್ ಇಲ್ಲದ ಮನೆಯ ಮುದುಕಿ ಅದೇ ಕೊಳವೆಬಾವಿಯ ನೀರು ಕುಡಿಯುತ್ತಾಳೆ.

ಹಿಂದೆ ಇಂಥದ್ದಕ್ಕೆ ಒಂದು ಜಾಗವಿತ್ತು. ಜಿಲ್ಲಾ ಪಂಚಾಯತ್‌ನ ಸಾಮಾನ್ಯ ಸಭೆ. ಎರಡು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಆ ಸಭೆಗೆ ಮುಖ್ಯ ಕಾರ್ಯನಿರ್ವಹಣಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ, ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ನೀರಿನ ಎಂಜಿನಿಯರು ಎಲ್ಲರೂ ಕಡತ ಹಿಡಿದು ಬರಬೇಕಿತ್ತು. ಸದಸ್ಯೆಯೊಬ್ಬಳು ಎದ್ದು ನಿಂತು, ಇಂಥ ಊರಿನ ಘಟಕ ಯಾಕೆ ನಿಂತಿದೆ, ಬಿಲ್ಲು ಯಾರ ಮೇಜಿನ ಮೇಲಿದೆ ಎಂದು ಕೇಳಿದರೆ ಪಿಡಿಒ, ಏಜೆನ್ಸಿ, ಎಂಜಿನಿಯರು ಎಂದು ಸುತ್ತಾಡಿಸಲು ಆಗುತ್ತಿರಲಿಲ್ಲ. ಉತ್ತರ ಕೊಡಬೇಕಾದವರು ಅಲ್ಲೇ ಎದುರಿಗೆ ಕುಳಿತಿರುತ್ತಿದ್ದರು. ಪತ್ರಕರ್ತರೂ ಇರುತ್ತಿದ್ದರು, ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತಿತ್ತು. ಈಗ ಜಿಲ್ಲೆಯ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆ ನಡೆಯುತ್ತದೆ, ಸರಿ. ಉಸ್ತುವಾರಿ ಸಚಿವರು ತಿಂಗಳುಗಳಿಗೊಮ್ಮೆ ಬಂದು ಅರ್ಧ ದಿನದಲ್ಲಿ ಇಡೀ ಜಿಲ್ಲೆಯನ್ನು ಮುಗಿಸುವ ಸಭೆಯಲ್ಲಿ ಒಂದು ಹಳ್ಳಿಯ ನೀರಿನ ಘಟಕ ಎಲ್ಲಿ ಬರಬೇಕು?

ನಾನು ಕೇಳುತ್ತಿರುವ ಸ್ಥಾನದ ಕೆಲಸ ಇದೇ. ನಾಲ್ಕಾರು ಗ್ರಾಮ ಪಂಚಾಯತ್‌ಗಳ ಶಾಲೆ, ಆಸ್ಪತ್ರೆ, ಅಂಗನವಾಡಿ, ನೀರಿನ ಘಟಕಗಳ ಬಾಗಿಲಿಗೆ ಹೋಗಿ ನೋಡುವುದು, ನೋಡಿದ್ದನ್ನು ಸಭೆಯಲ್ಲಿ ಕೇಳುವುದು, ಉತ್ತರ ಬರುವವರೆಗೆ ಬಿಡದಿರುವುದು. ದೊಡ್ಡ ಕನಸುಗಳ ಪ್ರಣಾಳಿಕೆ ನನ್ನಲ್ಲಿಲ್ಲ. ಗ್ರಾಮ ಪಂಚಾಯತ್‌ನಲ್ಲಿ ಒಂದು ಅವಧಿ ಸದಸ್ಯೆಯಾಗಿದ್ದೆ. ನರೇಗಾದ ಕೂಲಿ ಹಾಜರಿ ಪಟ್ಟಿಯಾದ ಎನ್‌ಎಂಆರ್ ಓದಲು ಬರುತ್ತದೆ, ಕ್ರಿಯಾ ಯೋಜನೆಯಲ್ಲಿ ಒಂದೇ ಚರಂಡಿಗೆ ಎರಡು ಸಲ ಹೆಸರಿಟ್ಟಿದ್ದರೆ ಗುರುತಿಸಲು ಬರುತ್ತದೆ. ಗ್ರಾಮಸಭೆಯಲ್ಲಿ ಬೈಸಿಕೊಂಡು ಅಭ್ಯಾಸವಿದೆ. ನನ್ನ ಯಜಮಾನರಿಗೆ ರಾಗಿ ಹೊಲವಿದೆ, ಅವರು ಅಲ್ಲೇ ಇರುತ್ತಾರೆ; ಸಭೆಯಲ್ಲಿ ನನ್ನ ಕುರ್ಚಿಯ ಹಿಂದೆ ನಿಲ್ಲುವ ಅಭ್ಯಾಸ ಅವರಿಗಿಲ್ಲ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆಂದು ಈ ರಾಜ್ಯ ಕಾನೂನು ಮಾಡಿ ವರ್ಷಗಳಾದವು. ಸ್ಥಾನಗಳೇ ಇಲ್ಲದಾಗ ಅರ್ಧವೆಂದರೆ ಎಷ್ಟು ಎಂದು ಲೆಕ್ಕ ಹಾಕಲು ಹೋಗುವುದಿಲ್ಲ.

ಗೆದ್ದರೆ ಮೊದಲು ಮಾಡುವ ಕೆಲಸವನ್ನು ಈಗಲೇ ಹೇಳಿಬಿಡುತ್ತೇನೆ. ಪ್ರತಿ ವರ್ಷ ರಾಜ್ಯ ಬಜೆಟ್ಟಿನ ಜೊತೆಗೆ ಜಿಲ್ಲಾ ಪಂಚಾಯತ್‌ಗೆ ಯಾವ ಇಲಾಖೆಯಲ್ಲಿ ಎಷ್ಟು ಹಣ ಎಂದು ತಿಳಿಸುವ ಲಿಂಕ್ ಡಾಕ್ಯುಮೆಂಟ್ ಬರುತ್ತದೆ. ಅಧಿಕಾರಿಗಳಿಗೆ ಅದು ಬಾಯಿಪಾಠ, ಮತದಾರರಿಗೆ ಅದರ ಹೆಸರೂ ಗೊತ್ತಿಲ್ಲ. ನಮ್ಮ ಹೋಬಳಿಯ ಪಾಲಿಗೆ ಅದರಿಂದ ಬಂದದ್ದೆಷ್ಟು, ಯಾವ ಶಾಲೆಗೆ, ಯಾವ ರಸ್ತೆಗೆ ಎಂಬುದನ್ನು ಪ್ರತಿ ಗ್ರಾಮ ಪಂಚಾಯತ್‌ನ ಗೋಡೆಗೆ ಅಂಟಿಸುತ್ತೇನೆ. ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಯಲ್ಲಿ ಜಾಗ ಕೇಳುತ್ತೇನೆ. ಕಾಮಗಾರಿ ಹಂಚುವ ಸಮಿತಿಗಳಿಗೆ ನೂಕುನುಗ್ಗಲು ಹೆಚ್ಚು, ಇದಕ್ಕೆ ಯಾರೂ ಅಷ್ಟಾಗಿ ಜಗಳವಾಡುವುದಿಲ್ಲ.

ಜಿಲ್ಲಾ ಪಂಚಾಯತ್ ಇದ್ದಾಗ ಎಲ್ಲವೂ ಚೆನ್ನಾಗಿತ್ತೇ ಎಂದು ನೀವು ಕೇಳಬಹುದು. ಇರಲಿಲ್ಲ. ಕೋರಂ ಇಲ್ಲದೆ ಸಭೆ ಮುಂದೂಡಿದ್ದನ್ನು ಓದಿದ್ದೇವೆ. ಅಧ್ಯಕ್ಷ ಸ್ಥಾನವನ್ನು ಒಳಒಪ್ಪಂದದಲ್ಲಿ ಹಂಚಿಕೊಂಡು, ಗಡುವು ಬಂದಾಗ ರಾಜೀನಾಮೆ ಕೊಡದೆ ಜಗಳವಾಡಿದ್ದನ್ನೂ ನೋಡಿದ್ದೇವೆ. ಸದಸ್ಯರೇ ಬೇನಾಮಿಯಲ್ಲಿ ಗುತ್ತಿಗೆದಾರರಾಗಿದ್ದೂ ಊರಿಗೆ ಗೊತ್ತು. ಅಂಥವರಲ್ಲಿ ಕೆಲವರನ್ನು ಜನ ಮುಂದಿನ ಚುನಾವಣೆಯಲ್ಲಿ ಮನೆಗೆ ಕಳಿಸಿದರು. ಆಡಳಿತಾಧಿಕಾರಿಯನ್ನು ಮನೆಗೆ ಕಳಿಸುವ ಮತಗಟ್ಟೆ ಎಲ್ಲಿದೆ?

ಈ ರಾಜ್ಯ ಇದನ್ನೆಲ್ಲ ಬೇರೆಯವರಿಂದ ಕಲಿಯಬೇಕಾಗಿಲ್ಲ, ಅದೇ ಬೇಸರ. ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ಅದಕ್ಕೂ ಹತ್ತು ವರ್ಷ ಹಿಂದೆಯೇ ರಾಮಕೃಷ್ಣ ಹೆಗಡೆಯವರ ಸರ್ಕಾರ ಜಿಲ್ಲಾ ಪರಿಷತ್ತಿನ ಕಾಯ್ದೆ ತಂದಿತ್ತು. ಆಗಿನ ಪಂಚಾಯತ್ ರಾಜ್ ಸಚಿವ, ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರು ಅದರ ಹಿಂದೆ ಬಿದ್ದು, 1987ರ ಜನವರಿಯಲ್ಲಿ ಚುನಾವಣೆಯನ್ನೂ ಮಾಡಿಸಿದರು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಮಹಿಳೆಯರಿಗೆ ಕಾಲುಭಾಗ ಮೀಸಲು. ಕೊಳವೆಬಾವಿ ಕೊರೆಸಿದ ನಜೀರ್ ಸಾಬರನ್ನು ಜನ ನೀರ್ ಸಾಬ್ ಎಂದು ಕರೆದರು. ಅಧಿಕಾರವನ್ನು ಬೆಂಗಳೂರಿನಿಂದ ಜಿಲ್ಲೆಗೆ ಇಳಿಸಿದ್ದು ಅದಕ್ಕಿಂತ ದೊಡ್ಡ ಕೆಲಸ ಎಂದು ನನಗನ್ನಿಸುತ್ತದೆ, ಅದಕ್ಕೆ ಅಡ್ಡಹೆಸರು ಸಿಗಲಿಲ್ಲ ಅಷ್ಟೆ. ಆ ಪರಿಷತ್ತುಗಳ ಅವಧಿ ಮುಗಿದ ಮೇಲೂ ಹೀಗೆಯೇ ಆಡಳಿತಾಧಿಕಾರಿಗಳು ಕುಳಿತರು, ಮರುಚುನಾವಣೆ ಬಂದದ್ದು 1995ರಲ್ಲಿ. ಈ ಸಲದ ಖಾಲಿ ಅವಧಿ ಅದನ್ನೂ ಮೀರಿಸಿದೆ.

ವಿಳಂಬದ ಕಾರಣಗಳು ನಿಮಗೆ ತಿಳಿದವೇ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಿಸಿ ಮೀಸಲಾತಿಯ ಕರಡನ್ನೂ ಪ್ರಕಟಿಸಿತ್ತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನು ಅದರ ಕೈಯಿಂದ ತೆಗೆದು, ವಿಂಗಡಣೆಗೆಂದೇ ಬೇರೊಂದು ಆಯೋಗ ರಚಿಸಲಾಯಿತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟ್ ಹಾಕಿದ ಮೂರು ಷರತ್ತುಗಳು ಬಂದವು; ಅದಕ್ಕೆಂದು ನೇಮಿಸಿದ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ 2022ರಲ್ಲೇ ವರದಿ ಕೊಟ್ಟಿತು. ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟ್ ವಿಳಂಬಕ್ಕಾಗಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ನಂತರ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಚುನಾವಣೆ ಮಾತ್ರ ಬರಲಿಲ್ಲ. ಕೋವಿಡ್ ಎನ್ನೋಣವೆಂದರೆ 2020ರ ಡಿಸೆಂಬರ್‌ನಲ್ಲಿ ಮಾಸ್ಕ್ ಹಾಕಿಕೊಂಡೇ ಗ್ರಾಮ ಪಂಚಾಯತ್‌ಗಳಿಗೆ ಮತ ಹಾಕಿದ್ದೇವೆ. 2023ರ ಮೇ ತಿಂಗಳಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ ಇದೇ ಹಳ್ಳಿಗಳ ಇದೇ ಶಾಲೆಗಳಲ್ಲಿ ಮತಗಟ್ಟೆಗಳಿದ್ದವು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು ಎನ್ನುವ ಸಂವಿಧಾನದ 243ಇ ವಿಧಿಗೆ ಇವ್ಯಾವೂ ವಿನಾಯಿತಿಯಲ್ಲ.

ಇನ್ನು ಹಣದ ಮಾತು. 15ನೇ ಹಣಕಾಸು ಆಯೋಗ ಪಂಚಾಯತ್ ಅನುದಾನದಲ್ಲಿ ತಾಲ್ಲೂಕು ಮಟ್ಟಕ್ಕೆ ಕನಿಷ್ಠ ಶೇಕಡಾ 10, ಜಿಲ್ಲಾ ಮಟ್ಟಕ್ಕೆ ಕನಿಷ್ಠ ಶೇಕಡಾ 5 ಎಂದು ಪಾಲು ಹೇಳಿತು. ಆದರೆ ಆ ಅನುದಾನ ಚುನಾಯಿತ ಸಂಸ್ಥೆಗಳಿಗೆ ಮಾತ್ರ. ಕೇಂದ್ರ ನಮ್ಮ ಪಾಲು ಕೊಡುತ್ತಿಲ್ಲ ಎಂದು ದೆಹಲಿಯ ಕಡೆ ಬೆರಳು ತೋರಿಸುವಾಗ, ಚುನಾವಣೆ ಮಾಡಿದ್ದರೆ ಬರಬಹುದಾಗಿದ್ದ ಈ ಪಾಲಿನ ಮಾತನ್ನು ಯಾಕೆ ಯಾರೂ ಎತ್ತುವುದಿಲ್ಲ? ವಿಧಾನ ಪರಿಷತ್ತಿನ ಕಥೆಯೂ ಇದೇ. 2021ರ ಡಿಸೆಂಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳಿಂದ 25 ಸ್ಥಾನಗಳಿಗೆ ಚುನಾವಣೆ ನಡೆದಾಗ ಮತದಾರರ ಪಟ್ಟಿಯಲ್ಲಿ ಇರಬೇಕಾಗಿದ್ದ ಜಿಲ್ಲಾ, ತಾಲ್ಲೂಕು ಪಂಚಾಯತ್ ಸದಸ್ಯರೇ ಇರಲಿಲ್ಲ. ಮೇಲ್ಮನೆಯ ಚುನಾವಣೆ ಮುಂದಕ್ಕೆ ಹೋಗಲಿಲ್ಲ, ನಮ್ಮದು ಹೋಯಿತು.

ನನ್ನ ಮೇಲೆ ನಿಮಗೆ ಅನುಮಾನವಿದ್ದರೆ ತಪ್ಪಿಲ್ಲ. ಗೆದ್ದ ಮೇಲೆ ನಾನೂ ನಿಮ್ಮ ಜಾಗಕ್ಕೆ ಕಣ್ಣು ಹಾಕಬಹುದು. ಹಾಕುವುದಿಲ್ಲ ಎಂದು ಆಣೆ ಮಾಡಿದರೆ ನೀವು ನಂಬುವುದಿಲ್ಲ, ಮಾಡುವುದೂ ಇಲ್ಲ. ಆದರೆ ಕಾಯ್ದೆಯ ಪ್ರಕಾರ ಜಿಲ್ಲೆಯ ಶಾಸಕರೂ ಜಿಲ್ಲಾ ಪಂಚಾಯತ್‌ನ ಸದಸ್ಯರೇ. ಅದೇ ಸಭೆಯಲ್ಲಿ ನೀವೂ ಕುಳಿತಿರುತ್ತೀರಿ, ನಾನು ಕೇಳುವ ಪ್ರಶ್ನೆ ಸರಿಯಿಲ್ಲದಿದ್ದರೆ ಅಲ್ಲೇ ಹೇಳಬಹುದು. ನನಗಿಂತ ಒಳ್ಳೆಯ ಅಭ್ಯರ್ಥಿ ನಿಮ್ಮ ಬಳಿ ಇದ್ದರೆ ನಿಲ್ಲಿಸಿ. ನಮ್ಮ ಊರುಗಳಲ್ಲಿ ಅಂಥವರು ಇಲ್ಲದಿಲ್ಲ. ಸ್ವಸಹಾಯ ಸಂಘದ ಲೆಕ್ಕ ನೋಡುವ ಹೆಂಗಸರಿದ್ದಾರೆ, ಹಾಲಿನ ಡೇರಿ ನಡೆಸಿ ಅನುಭವವಿರುವ ಹುಡುಗರಿದ್ದಾರೆ. ಸೋತರೆ ಸೋಲುತ್ತೇನೆ, ಅದೂ ಚುನಾವಣೆ ನಡೆದರೆ ತಾನೆ?

ನಿಮ್ಮಿಂದ ಬೇಕಾದದ್ದು ಒಂದೇ. ಬರುವ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಉತ್ತರಿಸಬೇಕಾದ ಪ್ರಶ್ನೆ, ಹಾಕಿ. ಮೀಸಲಾತಿಯ ಅಂತಿಮ ಪಟ್ಟಿಯನ್ನು ಚುನಾವಣಾ ಆಯೋಗಕ್ಕೆ ಯಾವ ದಿನಾಂಕದಂದು ಕೊಡುತ್ತೀರಿ ಎಂದು ಕೇಳಿ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂದರೆ ಉಪಪ್ರಶ್ನೆ ಕೇಳಿ, ಅದಕ್ಕೆ ನಿಮಗೆ ಹಕ್ಕಿದೆ. ನೀವು ಆಡಳಿತ ಪಕ್ಷದಲ್ಲಿದ್ದರೂ ಕೇಳಬಹುದು, ವಿರೋಧ ಪಕ್ಷದಲ್ಲಿದ್ದರೂ ಕೇಳಬಹುದು. ನಿಮ್ಮ ಪ್ರಶ್ನೆಯ ಮತ್ತು ಸಚಿವರ ಉತ್ತರದ ಪ್ರತಿಯನ್ನು ಹೋಬಳಿಯ ಎಲ್ಲ ಗ್ರಾಮ ಪಂಚಾಯತ್‌ಗಳ ಸೂಚನಾ ಫಲಕಕ್ಕೆ ಹಾಕುವ ಹೊಣೆ ನನ್ನದು. ಪ್ರಶ್ನೆ ಕೇಳದಿದ್ದರೆ, ಈ ಪತ್ರದ ಪ್ರತಿ ಅಲ್ಲಿರುತ್ತದೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು
ಮತ್ತು ಜಿಲ್ಲಾ ಪಂಚಾಯತ್ ಸ್ಥಾನದ ಆಕಾಂಕ್ಷಿ